ಸಂಗಮದ ನಾಡಿನಲ್ಲಿ ಕ್ರೈಸ್ತಗೀತ

ನಂಜನಗೂಡಿನ ಸೋಪಾನಗಳನ್ನು ತೊಳೆದು ಮುಂದಕ್ಕೆ ಹರಿಯುವ ಕಪಿಲೆಯು ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುವುದನ್ನು ನಾವೆಲ್ಲರೂ ಬಲ್ಲೆವು. ಈ ಎರಡು ನದಿಗಳೊಡನೆ ಕಣ್ಣಿಗೆ ಕಾಣದ ಸ್ಫಟಿಕಸರೋವರವೂ ಅಲ್ಲಿ ಕೂಡುತ್ತದೆಂದು ನಂಬಿ ಹಿರಿಯರು ಆ ಸ್ಥಳವನ್ನು ತ್ರಿವೇಣಿಯೆಂದು ಕರೆದರು. ಕಂಡ ನೀರಿನೊಡನೆ ಕಾಣದ ನೀರನ್ನೂ ಎಣಿಕೆಗೆ ತಂದುಕೊಂಡ ಈ ಭಾವನೆ ಇತಿಹಾಸವನ್ನು ಓದುವವರಿಗೂ ಒಳ್ಳೆಯ ಪಾಠ. ನಮ್ಮ ಸಂಗೀತದಲ್ಲಿಯೂ ನಿತ್ಯದ ಪ್ರಾರ್ಥನೆಯಲ್ಲಿಯೂ ಹಾಗೆ ಕಣ್ಣಿಗೆ ಬೀಳದಂತೆ ಪಡುವಣದಿಂದ ಬಂದು ಕೂಡಿದ ಪ್ರವಾಹವೊಂದುಂಟು. ಅದರಲ್ಲಿ ಕ್ರೈಸ್ತಭಕ್ತರ ಪಾಲೆಷ್ಟು, ಅದು ನಮ್ಮಲ್ಲಿ ಹೇಗೆ ಬೆರೆಯಿತು ಎಂಬುದನ್ನು ಇಂದು ಸ್ವಲ್ಪ ವಿಚಾರಮಾಡೋಣ.

ಕ್ರೈಸ್ತಧರ್ಮವು ಮೈಸೂರು ಸೀಮೆಗೆ ನಿನ್ನೆ ಮೊನ್ನೆ ಬಂದುದಲ್ಲ. 17ನೆಯ ಶತಮಾನದ ನಡುವಿನಲ್ಲಿಯೇ ಇಟಲಿಯ ಜೆಸೂಯಿಟ್ ಪಾದ್ರಿ ಲಿಯೊನಾರ್ದೊ ಚಿನ್ನಾಮಿ ಶ್ರೀರಂಗಪಟ್ಟಣಕ್ಕೆ ಬಂದು, ಕನ್ನಡವನ್ನು ಕಲಿತು, ಕನ್ನಡಕ್ಕೆ ವ್ಯಾಕರಣವನ್ನು ಬರೆದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ತರುವಾಯ ಫ್ರಾನ್ಸಿನ ಅಬ್ಬೆ ದ್ಯುಬುವಾ ಅವರು ಚದುರಿದ್ದ ಕ್ರೈಸ್ತರನ್ನು ಒಗ್ಗೂಡಿಸಲು ಬಂದು, ನಮ್ಮವರಂತೆಯೇ ಉಟ್ಟು ಉಂಡು, 1823ರವರೆಗೂ ದುಡಿದರು. ಸಿಡುಬಿನ ಹಾವಳಿಯನ್ನು ತಡೆಯಲು 1803–04ರಲ್ಲಿ ಅವರು 25,432 ಮಂದಿಗೆ ದೇವಿ ಹಾಕಿಸಿದರೆಂದು ಲೆಕ್ಕವುಂಟು. ಇಷ್ಟು ಪ್ರೀತಿಯನ್ನು ಗಳಿಸಿಯೂ ಆ ವೃದ್ಧರು ನಿರಾಶರಾಗಿಯೇ ಹಿಂದಿರುಗಿದರು. ಹಿಂದೂಗಳನ್ನು ತಮ್ಮ ಮತಕ್ಕೆ ತರುವ ಆಸೆ ಕೈಗೂಡುವಂತಹುದಲ್ಲವೆಂದು ಅವರು ಬರೆದ ಪತ್ರಗಳು ಅದೇ 1823ರಲ್ಲಿ ಲಂಡನ್ನಿನಲ್ಲಿ ಅಚ್ಚಾದುವು. ಬೋಧನೆಗೆ ಬಾಗಿಲು ತೆರೆಯಲಿಲ್ಲವೆಂಬುದು ಅವರ ಅನುಭವ. ಆದರೆ ಹಾಡಿಗೆ ಆ ಬಾಗಿಲು ತೆರೆಯಿತು. ಅದನ್ನು ನೋಡುವ ಯೋಗ ಅವರಿಗಿರಲಿಲ್ಲ.

ಹಾಡಿನ ದಾರಿಯಲ್ಲಿ ಮೊದಲು ಕೈನೀಡಿದವರು ಬಂದವರೇ ಎನ್ನಬೇಕು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿಗೆ ಸೇರಿದ ಹೆರ್ಮನ್ ಮೋಗ್ಲಿಂಗ್ ಅವರು 1850ರಲ್ಲಿ ನಮ್ಮ ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚುಹಾಕಿಸಿದರು. ಬಾಯಿಂದ ಬಾಯಿಗೆ ಬರುತ್ತಿದ್ದ ಹರಿದಾಸವಾಣಿಗೆ ಪುಸ್ತಕರೂಪವನ್ನು ಕೊಟ್ಟವರಲ್ಲಿ ಒಬ್ಬ ಪಾದ್ರಿಯು ಮೊದಲಿಗನಾದುದು ಸಣ್ಣ ಮಾತಲ್ಲ. ಅವರ ಹಿಂದೆ ಬಂದ ಫರ್ಡಿನಾಂಡ್ ಕಿಟ್ಟೆಲ್ ಅವರನ್ನು ನಾವು 1894ರ ನಿಘಂಟಿನಿಂದ ನೆನೆಯುತ್ತೇವೆ. ಆದರೆ ಅದಕ್ಕೆ 32 ವರ್ಷ ಮೊದಲೇ, 1862ರಲ್ಲಿ, ಅವರು ‘ಕಥಾಮಾಲೆ’ ಎಂಬ ಗ್ರಂಥದಲ್ಲಿ ಯೇಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸಿಗೆ ಅಳವಡಿಸಿ ಹಾಡಿದ್ದರು. ಜನರ ಹೃದಯಕ್ಕೆ ದಾರಿ ಅವರ ಮಟ್ಟುಗಳಲ್ಲಿದೆಯೆಂಬುದನ್ನು ಈ ವಿದ್ವಾಂಸರು ಅರಿತಿದ್ದರು.

ನಮ್ಮವರೂ ಸುಮ್ಮನಿರಲಿಲ್ಲ. ಪಿಟೀಲು ಯೂರೋಪಿನ ವಾದ್ಯ. ಅಲ್ಲಿ ಅದು ನೃತ್ಯಶಾಲೆಯಲ್ಲಿಯೂ ನುಡಿಯಿತು, ದೇವಾಲಯದಲ್ಲಿಯೂ ನುಡಿಯಿತು. ಇಲ್ಲಿಗೆ ಬಂದುದು ಕಂಪೆನಿಯ ಕಾಲದ ಯೂರೋಪಿಯನ್ನರೊಡನೆ. ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು ಮದರಾಸಿನಲ್ಲಿ ಅದನ್ನು ಐರೋಪ್ಯ ವಾದಕರಿಂದ ಕಲಿತು ಕರ್ಣಾಟಕ ಸಂಗೀತಕ್ಕೆ ಒಗ್ಗಿಸಿದರು. ನೂರು ವರ್ಷ ಕಳೆಯುವುದರೊಳಗಾಗಿ ಅದು ಪರದೇಶದ್ದೆಂಬುದನ್ನೇ ಜನ ಮರೆತರು. 1895ರಲ್ಲಿ ಇದೇ ತಿರುಮಕೂಡಲಿನಲ್ಲಿ ಹುಟ್ಟಿದ ಚೌಡಯ್ಯನವರು ಬಿಡಾರಂ ಕೃಷ್ಣಪ್ಪನವರ ಶಿಷ್ಯರಾಗಿ, 1927ರಲ್ಲಿ ಆ ನಾಲ್ಕು ತಂತಿಗಳ ವಾದ್ಯಕ್ಕೆ ಏಳು ತಂತಿಗಳನ್ನು ಕಟ್ಟಿ, ದೊಡ್ಡ ಸಭೆಗಳ ಕೊನೆಯ ಸಾಲಿಗೂ ಕೇಳಿಸುವಂತೆ ಅದರ ನಾದವನ್ನು ತುಂಬಿಸಿದರು. ಪಡೆದುದನ್ನು ಪಡೆದಂತೆಯೇ ಇಟ್ಟುಕೊಳ್ಳದೆ ತಮ್ಮದನ್ನೂ ಕೂಡಿಸಿದುದು ಅವರ ಹಿರಿಮೆ.

ವಾದ್ಯದ ಮಾತಾಯಿತು; ಇನ್ನು ವಾಣಿಯ ಮಾತು. ನಂಜನಗೂಡಿನ ಸ್ವಾಮಿಯ ಹೆಸರು ಶ್ರೀಕಂಠೇಶ್ವರ. ಆ ಹೆಸರನ್ನೇ ಹೊತ್ತ ಒಬ್ಬ ಕನ್ನಡಿಗರಿಂದ ಕ್ರೈಸ್ತರ ಒಂದು ಪ್ರಾರ್ಥನೆ ನಮ್ಮ ಮನೆಗಳನ್ನು ಹೊಕ್ಕಿತು. ಬಿ. ಎಂ. ಶ್ರೀಕಂಠಯ್ಯನವರು (1884–1946) ಮೈಸೂರಿನ ಮಹಾರಾಜರ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದವರು. ಅವರ ‘ಇಂಗ್ಲಿಷ್ ಗೀತಗಳು’ 1926ರಲ್ಲಿ ಹೊರಬಂದಿತು. ‘ಕರುಣಾಳು ಬಾ ಬೆಳಕೆ’ ಎಂದು ಎಲ್ಲರೂ ಬಲ್ಲ ಪ್ರಾರ್ಥನೆ ಅದರಲ್ಲಿದೆ.

ಅದರ ಮೂಲವನ್ನು ಬರೆದವರು ಜಾನ್ ಹೆನ್ರಿ ನ್ಯೂಮನ್. 1833ರಲ್ಲಿ, 32ರ ಹರೆಯದಲ್ಲಿ, ಅವರು ಸಿಸಿಲಿ ದ್ವೀಪದಲ್ಲಿ ಜ್ವರಕ್ಕೆ ಸಿಕ್ಕಿ ಸಾವಿನ ಬಾಗಿಲಿಗೆ ಹೋಗಿಬಂದರು. ಊರಿಗೆ ಮರಳುವ ಆತುರದಲ್ಲಿ ಕಿತ್ತಿಳೆ ಹಣ್ಣು ಸಾಗಿಸುತ್ತಿದ್ದ ಒಂದು ಹಡಗನ್ನೇರಿದರೆ, ಕಾರ್ಸಿಕಾ ಸಾರ್ಡೀನಿಯಾಗಳ ನಡುವಣ ಜಲಸಂಧಿಯಲ್ಲಿ ಗಾಳಿ ನಿಂತು ಹಡಗು ಒಂದು ವಾರ ಅಲ್ಲಾಡಲಿಲ್ಲ. ಆ ನಿಶ್ಚಲತೆಯಲ್ಲಿ ಹುಟ್ಟಿತು ಈ ಗೀತ. ದೂರದ ಗುರಿಯನ್ನು ಕಾಣಬೇಕೆಂಬ ಹಠ ಅದರಲ್ಲಿಲ್ಲ; ಮುಂದಿನ ಅಡಿಯನ್ನಿಡುವುದಕ್ಕೆ ಬೇಕಾದಷ್ಟೇ ಬೆಳಕನ್ನು ಅದು ಬೇಡುತ್ತದೆ. ನ್ಯೂಮನ್ನರು 1845ರಲ್ಲಿ ಕ್ಯಾಥೊಲಿಕ್ ಮತವನ್ನು ಸೇರಿ, 1879ರಲ್ಲಿ ಕಾರ್ಡಿನಲ್ ಪದವಿಗೇರಿದರು. 2019ರಲ್ಲಿ ಅವರನ್ನು ಸಂತರೆಂದು ಘೋಷಿಸಲಾಯಿತು. ಗೀತ ಜನಪ್ರಿಯವಾದುದು ತಮ್ಮ ಮಾತಿನಿಂದಲ್ಲ, ಡೈಕ್ಸ್ ಎಂಬುವರು 1865ರಲ್ಲಿ ಅದಕ್ಕೆ ಹಾಕಿದ ಮಟ್ಟಿನಿಂದ ಎಂದು ಅವರೇ ಭಾವಿಸಿದ್ದರು. ಗಾಂಧೀಜಿಯವರಿಗೂ ಅದು ಬಹು ಪ್ರಿಯವಾದ ಪ್ರಾರ್ಥನೆಯಾಗಿತ್ತು.

ಶ್ರೀಕಂಠಯ್ಯನವರು ಮಾಡಿದುದು ಪದಕ್ಕೆ ಪದವನ್ನಿಡುವ ಭಾಷಾಂತರವಲ್ಲ. ಅದು ಕನ್ನಡದ ಲಯದಲ್ಲಿ ಮರುಹುಟ್ಟು ಪಡೆದ ಕವಿತೆ. ಅನಂತರ ಅದಕ್ಕೆ ನಮ್ಮ ರಾಗಗಳೂ ಬಂದುವು. ದೀಪ ಹಚ್ಚಿದ ಸಂಜೆಯಲ್ಲಿ, ಪಾಠ ಮೊದಲಾಗುವ ಮುಂಚೆ, ರೋಗಿಯ ಮಂಚದ ಬಳಿಯಲ್ಲಿ, ಸತ್ತವರನ್ನು ನೆನೆಯುವ ಸಭೆಯಲ್ಲಿ, ಎಷ್ಟೋ ಮಂದಿ ಅದನ್ನು ಹಾಡಿಕೊಂಡು ಧೈರ್ಯ ತಂದುಕೊಂಡಿದ್ದಾರೆ. ಹಾಡುವ ತಾಯಿಗೆ ನ್ಯೂಮನ್ನರ ಹೆಸರು ತಿಳಿಯದು. ತಿಳಿಯದಿದ್ದರೂ ಆಕೆಯ ಪ್ರಾರ್ಥನೆಗೆ ಕೊರತೆಯಿಲ್ಲ.

ಇಲ್ಲಿ ಎರಡು ಕಡೆಯಿಂದಲೂ ಆಕ್ಷೇಪ ಬರಬಹುದು. ಪರಧರ್ಮದ ಹಾಡು ನಮಗೇಕೆಂದು ಒಬ್ಬರು ಕೇಳಿಯಾರು. ಕ್ರೈಸ್ತಗೀತವನ್ನು ತೆಗೆದುಕೊಂಡು ಕ್ರಿಸ್ತನನ್ನು ಬಿಟ್ಟಿರಲ್ಲಾ ಎಂದು ಇನ್ನೊಬ್ಬರು ನೊಂದುಕೊಂಡಾರು. ಎರಡನೆಯ ಮಾತಿನಲ್ಲಿ ನ್ಯಾಯವಿಲ್ಲದಿಲ್ಲ. ಮೂಲಗೀತದಲ್ಲಿಯೂ ಕ್ರಿಸ್ತನ ಹೆಸರು ಬರುವುದಿಲ್ಲವೆಂಬುದು ನಿಜ. ಆದರೂ ಅದನ್ನು ಹಾಡಿಸಿದ ಶ್ರದ್ಧೆ ಕ್ರೈಸ್ತಶ್ರದ್ಧೆಯೇ. ಆದುದರಿಂದ ಪಡೆದುದು ತಪ್ಪಲ್ಲ, ಕೊಟ್ಟವರನ್ನು ಮರೆಯುವುದು ತಪ್ಪು. ಈ ವಿಷಯದಲ್ಲಿ ನಂಜನಗೂಡೇ ನಮಗೆ ಗುರು. ಅಲ್ಲಿನ ದೇವಾಲಯದ ಪಚ್ಚೆಯ ಲಿಂಗವನ್ನು ಟಿಪ್ಪು ಸುಲ್ತಾನನು ಕೊಟ್ಟನೆಂದೂ, ತನ್ನ ಆನೆಯ ಕಣ್ಣುಬೇನೆ ವಾಸಿಯಾದ ಸಂತೋಷದಲ್ಲಿ ಸ್ವಾಮಿಯನ್ನು ಹಕೀಂ ನಂಜುಂಡನೆಂದು ಕರೆದನೆಂದೂ ಪ್ರತೀತಿ. ಲಿಂಗಕ್ಕೆ ಪೂಜೆ ನಡೆಯುತ್ತದೆ. ಕೊಟ್ಟವನ ಹೆಸರೂ ಉಳಿದಿದೆ.

ಇಂತಹ ಕೃತಜ್ಞತೆಯನ್ನು ಬಾಳಿ ತೋರಿಸಿದ ಕ್ರೈಸ್ತರೊಬ್ಬರು ನಮ್ಮಲ್ಲಿಯೇ ಇದ್ದರು. ಧಾರವಾಡದಲ್ಲಿ 1881ರಲ್ಲಿ ಹುಟ್ಟಿದ ಚನ್ನಪ್ಪ ಉತ್ತಂಗಿಯವರು ಬಾಸೆಲ್ ಮಿಷನ್ನಿನ ಪಾದ್ರಿಗಳಾಗಿದ್ದುಕೊಂಡೇ ಸರ್ವಜ್ಞನ ತ್ರಿಪದಿಗಳನ್ನು ಹಳ್ಳಿಹಳ್ಳಿಯಿಂದ ಕೂಡಿಸಿ, 1924ರಲ್ಲಿ ಪ್ರಕಟಿಸಿದರು. ಯೇಸುವಿನ ಮೇಲಣ ನಿಷ್ಠೆ ಅವರಲ್ಲಿ ಕುಂದಲಿಲ್ಲ; ಸರ್ವಜ್ಞನ ಮೇಲಣ ಪ್ರೀತಿಯೂ ಕುಂದಲಿಲ್ಲ. 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಕನ್ನಡಿಗರು ಅವರನ್ನೇ ಅಧ್ಯಕ್ಷರನ್ನಾಗಿ ಕೂರಿಸಿದರು.

ತಿರುಮಕೂಡಲಿನಲ್ಲಿ ಬೊಗಸೆಯೆತ್ತಿ ಕುಡಿಯುವವನಿಗೆ ಇದು ಕಪಿಲೆ, ಇದು ಕಾವೇರಿ ಎಂದು ಬೇರ್ಪಡಿಸಲು ಆಗದು. ಬಾಯಾರಿಕೆಗೆ ಅದು ಬೇಕಾಗಿಯೂ ಇಲ್ಲ. ಆದರೆ ಮಿಂದು ದಡಕ್ಕೆ ಬಂದವನು ಸಂಕಲ್ಪದಲ್ಲಿ ನದಿಗಳ ಹೆಸರನ್ನು ಹೇಳುತ್ತಾನೆ. ನಾವೂ ಹಾಗೆಯೇ ಮಾಡೋಣ. ಇಂದು ಸಂಜೆ ಮನೆಯ ಮಕ್ಕಳು ಆ ಬೆಳಕಿನ ಹಾಡನ್ನು ಹಾಡಿದರೆ, ಹಾಡು ಮುಗಿದ ಮೇಲೆ, ಗಾಳಿಯಿಲ್ಲದ ಕಡಲಿನಲ್ಲಿ ಅದನ್ನು ಮೊದಲು ಬರೆದವರು ಯಾರೆಂಬುದನ್ನು ಅವರಿಗೆ ತಿಳಿಸೋಣ.