ಬಾಬಾಸಾಹೇಬರು ಕೇಳಿದ ಶಿಕ್ಷಣ, ನಾವು ಬಿಟ್ಟ ಗಣಿತ

ಬಂಧುಗಳೇ, ಬಾಬಾಸಾಹೇಬರು ಅರ್ಥಶಾಸ್ತ್ರ, ಕಾಯ್ದೆ ಓದಿದವರು ಅಂತ ನಿಮಗೆಲ್ಲ ಗೊತ್ತು. ಆದರೆ ನಮ್ಮ ಹುಡುಗರಿಗಾಗಿ ಅವರು ಕೇಳಿದ್ದು ಬೇರೆ. 1942ರಲ್ಲಿ ವೈಸರಾಯರ ಕಾರ್ಯಕಾರಿ ಮಂಡಳಿಯಲ್ಲಿದ್ದಾಗ ಅವರು ಸರ್ಕಾರಕ್ಕೆ ಒಂದು ಮನವಿ ಕೊಟ್ಟರು. ಕಲೆ, ಕಾಯ್ದೆ ಓದಿದರೆ ಪರಿಶಿಷ್ಟರಿಗೆ ಹೆಚ್ಚು ಪ್ರಯೋಜನವಿಲ್ಲ, ವಿಜ್ಞಾನ ತಂತ್ರಜ್ಞಾನದ ಉನ್ನತ ಶಿಕ್ಷಣ ಬೇಕು, ಅದಕ್ಕೆ ವರ್ಷಕ್ಕೆ 2 ಲಕ್ಷ ರೂಪಾಯಿ ಶಿಷ್ಯವೃತ್ತಿ ಕೊಡಿ, ಹೊರದೇಶದಲ್ಲಿ ಓದಿಸಲು 1 ಲಕ್ಷ ಕೊಡಿ ಎಂದು ಅದರಲ್ಲಿ ಕೇಳಿದರು. ಪರಿಶಿಷ್ಟರಿಗೆ ಮೆಟ್ರಿಕ್ ನಂತರದ ಶಿಷ್ಯವೃತ್ತಿ 1944ರಲ್ಲಿ ಶುರುವಾಯಿತು. ಇವತ್ತಿಗೂ ಇದೆ.

ಬಾಗಿಲು ಅವರು ತೆಗೆಸಿದರು. ಒಳಗ ಹೋಗೋದು ನಮ್ಮ ಕೆಲಸ. ಡಿಪ್ಲೊಮಾಕ್ಕ ಹತ್ತನೇ ಪಾಸಾದರ ಸಾಕು ಅಂತೀವಿ. ಆದರೆ ಅಲ್ಲಿ ಮೊದಲ ವರ್ಷವೇ ಗಣಿತ, ಭೌತಶಾಸ್ತ್ರ. ಪಾಠ ಕನ್ನಡದಲ್ಲಿ ಇರೋದಿಲ್ಲ. ಕನ್ನಡ ಶಾಲೆಯ ನಮ್ಮ ತಿಕೋಂಡಿ ಹುಡುಗರಿಗೆ ಕಷ್ಟ ಆಗೋದು ಅಲ್ಲೇ. ಸುಳ್ಳು ಯಾಕ ಹೇಳಲಿ, ನಾನೂ ಗಣಿತಕ್ಕ ಅಂಜಿಯೇ ಬಿ.ಎ. ಹಿಡಿದವ.

ಅದಕ್ಕೇ ಹೇಳತೀನಿ: ಹತ್ತನೇ ಪರೀಕ್ಷೆ ಆದಮ್ಯಾಗಿನ ರಜೆ ಸುಮ್ಮನ ಕಳೀಬ್ಯಾಡ್ರಿ. ದಿನಾ ಸಂಜೆ ಒಂದು ತಾಸು ಬೀಜಗಣಿತ, ತ್ರಿಕೋನಮಿತಿ ತಿರುಗಿ ಮಾಡ್ರಿ. ಕನ್ನಡದಲ್ಲಿ ಕಲಿತ ಪ್ರತಿ ಪದದ ಮುಂದ ಇಂಗ್ಲಿಷ್ ಪದ ಬರೆದಿಡ್ರಿ. ಸಂಘ ಇದಕ್ಕೊಂದು ಜಾಗ ಮಾಡಿಕೊಡಲಿ. ನಾನೂ ಬಂದು ಕೂಡತೀನಿ, ಕಲಿಸಾಕ ಅಲ್ಲ, ಕಲಿಯಾಕ.

ಜೈ ಭೀಮ್!