ಜೊಟೆರೊ ಗುಂಪು ಗ್ರಂಥಾಲಯ: ಗೋಪ್ಯತೆ ಮತ್ತು ಸಂಪಾದನಾ ಅನುಮತಿ

ಜೊಟೆರೊ ಎಂಬುದು ಪುಸ್ತಕ, ಲೇಖನ, ಸಂಶೋಧನ ಪ್ರಬಂಧ ಮೊದಲಾದ ಆಕರಗಳ ವಿವರಗಳನ್ನು ಸಂಗ್ರಹಿಸಿ, ಉಲ್ಲೇಖಗಳನ್ನೂ ಗ್ರಂಥಸೂಚಿಯನ್ನೂ ಸಿದ್ಧಪಡಿಸಿಕೊಡುವ ಮುಕ್ತ ತಂತ್ರಾಂಶ. ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಇದು 2006ರಲ್ಲಿ ಮೊದಲು ಬಿಡುಗಡೆಯಾಯಿತು. ಹಲವರು ಸೇರಿ ಒಂದೇ ಸಂಗ್ರಹವನ್ನು ಬೆಳೆಸಲು ಇದರಲ್ಲಿ 'ಗುಂಪು'ಗಳ ವ್ಯವಸ್ಥೆಯಿದೆ. ಗುಂಪಿನ ಸಂಗ್ರಹವನ್ನು ಯಾರು ನೋಡಬಹುದು ಎಂಬುದು ಒಂದು ಪ್ರಶ್ನೆ, ಯಾರು ತಿದ್ದಬಹುದು ಎಂಬುದು ಬೇರೆಯೇ ಪ್ರಶ್ನೆ. ಗ್ರಂಥಾಲಯದ ಪುಸ್ತಕವನ್ನು ಓದಬಲ್ಲವರೆಲ್ಲರಿಗೂ ಅದರ ಪುಟಗಳಲ್ಲಿ ಬರೆಯುವ ಹಕ್ಕಿಲ್ಲವಷ್ಟೆ. ಹೊಸ ಬಳಕೆದಾರರು ಇವೆರಡನ್ನೂ ಒಂದೆಂದು ಭಾವಿಸುವುದುಂಟು.

ಗುಂಪಿನ ಬಗೆಗಳು

ಖಾಸಗಿ ಗುಂಪು ಹೊರಗಿನವರಿಗೆ ಕಾಣುವುದಿಲ್ಲ. ಆಹ್ವಾನ ಪಡೆದವರು ಮಾತ್ರ ಸೇರಬಹುದು. ಸಾರ್ವಜನಿಕ ಗುಂಪಿನಲ್ಲಿ ಎರಡು ಬಗೆ: ಸದಸ್ಯತ್ವಕ್ಕೆ ಒಪ್ಪಿಗೆ ಬೇಕಾದುದು ಮತ್ತು ಯಾರು ಬೇಕಾದರೂ ಸೇರಬಹುದಾದುದು. ಈ ಎರಡನೆಯ ಬಗೆಯಲ್ಲಿ ಆಕರಗಳ ವಿವರಗಳನ್ನು ಹಂಚಿಕೊಳ್ಳಬಹುದೇ ಹೊರತು ಪಿಡಿಎಫ್‌ನಂತಹ ಕಡತಗಳನ್ನು ಇರಿಸಲಾಗದು. ಕೃತಿಸ್ವಾಮ್ಯವುಳ್ಳ ಲೇಖನಗಳು ಅಪರಿಚಿತರ ನಡುವೆ ಹರಿದಾಡುವುದನ್ನು ಇದು ತಡೆಯುತ್ತದೆ. ಗುಂಪಿನ ಪುಟವು ಸಾರ್ವಜನಿಕವಾಗಿದ್ದರೂ ಅದರ ಸಂಗ್ರಹವನ್ನು ಸದಸ್ಯರಿಗಷ್ಟೇ ಕಾಣುವಂತೆ ಇರಿಸಲು ಸಾಧ್ಯವಿದೆ.

ಸಂಪಾದನೆ

ಪ್ರತಿ ಗುಂಪಿಗೆ ಒಬ್ಬ ಮಾಲೀಕ, ಬೇಕಿದ್ದರೆ ಕೆಲವು ನಿರ್ವಾಹಕರು, ಉಳಿದಂತೆ ಸದಸ್ಯರು ಇರುತ್ತಾರೆ. ಆಕರಗಳನ್ನು ತಿದ್ದುವ ಅಧಿಕಾರವನ್ನು ಎಲ್ಲ ಸದಸ್ಯರಿಗೂ ಕೊಡಬಹುದು ಅಥವಾ ನಿರ್ವಾಹಕರಿಗೆ ಸೀಮಿತಗೊಳಿಸಬಹುದು. ಕಡತಗಳಿಗೆ ಪ್ರತ್ಯೇಕ ಆಯ್ಕೆಯಿದೆ. ಆದರೆ ಈ ಅನುಮತಿಗಳು ಇಡೀ ಗುಂಪಿಗೆ ಅನ್ವಯಿಸುತ್ತವೆ. ಒಳಗಿನ ಒಂದು ಉಪಸಂಗ್ರಹವನ್ನು ಮಾತ್ರ ಮುಚ್ಚಿಡುವ ದಾರಿಯಿಲ್ಲ. ಹಾಗೆ ಬೇಕಾದವರು ಇನ್ನೊಂದು ಗುಂಪನ್ನೇ ರಚಿಸಬೇಕು. ಆಕರವನ್ನು ಸೇರಿಸಿದವರ ಹೆಸರೂ ಕೊನೆಯದಾಗಿ ಬದಲಿಸಿದವರ ಹೆಸರೂ ಕಾಣಸಿಗುತ್ತವೆ. ಆದರೆ ವಿಕಿಪೀಡಿಯದಲ್ಲಿರುವಂತೆ ಹಳೆಯ ಆವೃತ್ತಿಗೆ ಮರಳಲು ಬೇಕಾದ ಇತಿಹಾಸ ಪುಟ ಇಲ್ಲಿಲ್ಲ. ಅಳಿಸಿದ ಆಕರವು ಮೊದಲು ಗುಂಪಿನ ಕಸದಬುಟ್ಟಿಗೆ ಹೋಗುತ್ತದೆ. ಬುಟ್ಟಿಯನ್ನು ಬರಿದು ಮಾಡಿದರೆ ಎಲ್ಲ ಸದಸ್ಯರ ಗಣಕಗಳಿಂದಲೂ ಅದು ಮರೆಯಾಗುತ್ತದೆ. ಆದ್ದರಿಂದ ದೊಡ್ಡ ತರಗತಿಗಳಲ್ಲಿ ಎಲ್ಲರಿಗೂ ತಿದ್ದುವ ಅಧಿಕಾರ ಕೊಡುವ ಮುನ್ನ ಯೋಚಿಸುವುದು ಒಳಿತು.

ಸ್ವಂತ ಸಂಗ್ರಹದ ಗೋಪ್ಯತೆ

ಗುಂಪಿಗೆ ಸೇರಿದ ಮಾತ್ರಕ್ಕೆ ಸದಸ್ಯನ ಸ್ವಂತ ಸಂಗ್ರಹವು ಇತರರಿಗೆ ತೆರೆದುಕೊಳ್ಳುವುದಿಲ್ಲ. ಅಲ್ಲಿಂದ ಗುಂಪಿಗೆ ಎಳೆದು ತಂದ ಆಕರವು ಒಂದು ಪ್ರತಿ ಮಾತ್ರ. ಅಲ್ಲಿ ಯಾರೇ ತಿದ್ದಿದರೂ ಮೂಲಕ್ಕೆ ಧಕ್ಕೆಯಿಲ್ಲ. ಆದರೆ ಆಕರದೊಡನೆ ಅದಕ್ಕೆ ಅಂಟಿಕೊಂಡ ಟಿಪ್ಪಣಿಗಳೂ ಹೋಗಬಹುದು. ಇನ್ನೂ ಪ್ರಕಟವಾಗದ ವಾದವನ್ನೋ ಮಾಹಿತಿ ನೀಡಿದವರ ಹೆಸರನ್ನೋ ಟಿಪ್ಪಣಿಯಲ್ಲಿ ಬರೆದಿಟ್ಟುಕೊಂಡ ಸಂಶೋಧಕರು ಇದನ್ನು ಮುಖ್ಯವಾಗಿ ಗಮನಿಸಬೇಕು.

ಮಾಲೀಕತ್ವ

ಗುಂಪಿನ ಕಡತಗಳು ಮಾಲೀಕನ ಸಂಗ್ರಹಣಾ ಮಿತಿಯೊಳಗೆ ಲೆಕ್ಕಕ್ಕೆ ಬರುತ್ತವೆ. ಉಚಿತ ಖಾತೆಗೆ ಈ ಮಿತಿ 300 ಎಂಬಿ. ಮಾಲೀಕನು ಗುಂಪನ್ನು ಅಳಿಸಿದರೆ ಸಂಗ್ರಹವು ಎಲ್ಲರಿಗೂ ಇಲ್ಲವಾಗುತ್ತದೆ. ಆದ್ದರಿಂದ ಗುಂಪನ್ನು ರಚಿಸಿದ ವಿದ್ಯಾರ್ಥಿಯು ವಿಶ್ವವಿದ್ಯಾಲಯವನ್ನು ಬಿಡುವಾಗ ಮಾಲೀಕತ್ವವನ್ನು ಮತ್ತೊಬ್ಬ ಸದಸ್ಯನಿಗೆ ವರ್ಗಾಯಿಸಬಹುದು.