ತಲೆಪೆಟ್ಟು: ಹೊಲಿಗೆ ಬಿಚ್ಚಿದ ಮೇಲಿನ ಚೇತರಿಕೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ಸೀಮೆಯಲ್ಲಿ ತಲೆಗೆ ಪೆಟ್ಟು ಬೀಳುವ ಬಗೆ ಎಲ್ಲರಿಗೂ ಗೊತ್ತು. ಕಾಯಿ ಕೆಡವಲು ಮರ ಹತ್ತಿದವರು ಜಾರುತ್ತಾರೆ, ಹೆಲ್ಮೆಟ್ ಇಲ್ಲದೆ ಕತ್ತಲಲ್ಲಿ ಹೊರಟ ಬೈಕು ಉರುಳುತ್ತದೆ. ಜೀವ ಉಳಿಯಿತೇ ಎಂದು ಊರೆಲ್ಲ ವಿಚಾರಿಸುತ್ತದೆ. ಆರು ತಿಂಗಳಾದ ಮೇಲೆ ಆ ಮನುಷ್ಯ ಕೊಬ್ಬರಿ ಲೆಕ್ಕ ನೋಡಬಲ್ಲನೇ ಎಂದು ಕೇಳುವವರು ಕಡಿಮೆ.

ಬುರುಡೆಯೊಳಗೆ

ಬುರುಡೆ ಒಡೆಯದಿದ್ದರೂ ಮಿದುಳಿಗೆ ಏಟಾಗಬಹುದು. ತಲೆ ರಭಸದಿಂದ ತಿರುಗಿದಾಗ ಒಳಗಿನ ನರತಂತುಗಳು ಜಗ್ಗಿ ಹರಿಯುತ್ತವೆ. ಸಿ.ಟಿ. ಸ್ಕ್ಯಾನಿನಲ್ಲಿ ಇದು ಎಷ್ಟೋ ಸಲ ಕಾಣುವುದೇ ಇಲ್ಲ. ಹಣೆಯ ಹಿಂದಿನ ಮತ್ತು ಕಿವಿಯ ಪಕ್ಕದ ಭಾಗಗಳು ಬುರುಡೆಯ ಒರಟು ತಳಕ್ಕೆ ಉಜ್ಜಿ ಹೆಚ್ಚು ಜಖಂ ಆಗುತ್ತವೆ. ಗಮನ, ಹೊಸ ನೆನಪು, ಮುಂದಾಲೋಚನೆ, ಸಿಟ್ಟಿನ ಮೇಲಿನ ಹಿಡಿತ ಇವೆಲ್ಲ ಬಹುಪಾಲು ಆ ಭಾಗಗಳನ್ನೇ ನೆಚ್ಚಿವೆ.

ಪೆಟ್ಟಿನ ತೀವ್ರತೆ ಅಳೆಯುವ ಗ್ಲಾಸ್ಗೋ ಕೋಮಾ ಸ್ಕೇಲ್ 1974ರದು. ಅಂಕ 3ರಿಂದ 15. 8 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ತೀವ್ರ ಪೆಟ್ಟು.

ಮನೆಯಲ್ಲಿ ಕಾಣುವುದು

ಪೆಟ್ಟು ತಿಂದವನು ನಡೆಯುತ್ತಾನೆ, ಉಣ್ಣುತ್ತಾನೆ, ಇಪ್ಪತ್ತು ವರ್ಷದ ಹಿಂದಿನ ಮದುವೆಯ ಸುದ್ದಿ ಹೇಳುತ್ತಾನೆ. ಆದರೆ ಬೆಳಿಗ್ಗೆ ಬೋರಿನ ಮೋಟರ್ ಹಾಕಿ ಬಂದದ್ದು ಮಧ್ಯಾಹ್ನಕ್ಕೆ ನೆನಪಿಲ್ಲ. ಕಾಯಿ ಎಣಿಸುವಾಗ ಯಾರಾದರೂ ಮಾತಾಡಿಸಿದರೆ ಲೆಕ್ಕ ತಪ್ಪಿ ಮತ್ತೆ ಒಂದರಿಂದ ಶುರು. ನಾಲ್ಕು ಜನ ಒಟ್ಟಿಗೆ ಮಾತಾಡಿದರೆ ರೇಗಾಟ. ಸ್ವಲ್ಪ ಕೆಲಸಕ್ಕೇ ಸುಸ್ತು. ಮನೆಯವರು ಇದಕ್ಕೆ ಸೋಮಾರಿತನ, ಕೊಬ್ಬು ಎಂದು ಹೆಸರಿಡುತ್ತಾರೆ. ಅದು ಗಾಯದ ಫಲ, ಗುಣದ ದೋಷವಲ್ಲ. ಕಷ್ಟವೆಂದರೆ, ತನಗೆ ಏನೂ ಆಗಿಲ್ಲ ಎಂದು ರೋಗಿಯೇ ವಾದಿಸುವುದೂ ಉಂಟು.

ಎಷ್ಟು ಕಾಲ

ಮೊದಲ ಆರು ತಿಂಗಳಲ್ಲಿ ಚೇತರಿಕೆ ಚುರುಕು. ಆಮೇಲೆ ನಿಧಾನವಾಗಿ ಎರಡು ವರ್ಷದವರೆಗೂ, ಕೆಲವರಲ್ಲಿ ಅದರಾಚೆಗೂ ಸಾಗುತ್ತದೆ. ಕುಡಿತ, ನಿದ್ದೆಗೇಡು, ವೈದ್ಯರನ್ನು ಕೇಳದೆ ಫಿಟ್ಸ್ ಮಾತ್ರೆ ನಿಲ್ಲಿಸುವುದು ಈ ಮೂರೂ ಗಳಿಸಿದ್ದನ್ನು ಕೆಡಿಸುತ್ತವೆ.

ನಿಮ್ಹಾನ್ಸ್‌ನ ಕಾಳಿನ ಪಾಠ

ಬೆಂಗಳೂರಿನ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ನಿಮ್ಹಾನ್ಸ್ ರೂಪುಗೊಂಡದ್ದೂ ಗ್ಲಾಸ್ಗೋ ಸ್ಕೇಲ್ ಬಂದ 1974ರಲ್ಲೇ. ಅಲ್ಲಿನ ಮನೋವಿಜ್ಞಾನಿಗಳು ಗಮನ, ನೆನಪು, ಯೋಜನಾಶಕ್ತಿ ಅಳೆಯುವ ಪರೀಕ್ಷೆಗಳ ಕಟ್ಟನ್ನು ಭಾರತೀಯರಿಗೆ ಹೊಂದುವಂತೆ ಸಿದ್ಧಪಡಿಸಿ 2004ರಲ್ಲಿ ಪ್ರಕಟಿಸಿದರು. ಕುಂದು ಎಲ್ಲಿದೆಯೆಂದು ತಿಳಿದ ಮೇಲೆ ಮರುತರಬೇತಿ. ಅದರಲ್ಲೊಂದು ಅಭ್ಯಾಸ ಬೆರಕೆ ಕಾಳುಗಳನ್ನು ಬೇರೆ ಬೇರೆ ಮಾಡುವುದು, ಇನ್ನೊಂದು ಅಕ್ಷರಗಳ ಸಾಲಿನಲ್ಲಿ ಹೇಳಿದ ಅಕ್ಷರವನ್ನಷ್ಟೇ ಹೊಡೆದುಹಾಕುವುದು. ಹಿಡಿದ ಹೊತ್ತು, ಆದ ತಪ್ಪು ಎರಡನ್ನೂ ಬರೆದಿಡುತ್ತಾರೆ. ಸಲೀಸಾದಂತೆ ಕಷ್ಟ ಹೆಚ್ಚಿಸುತ್ತಾರೆ. ಮೊರದ ಕೆಲಸ ಹೆಂಗಸರದೆಂದು ಮೂಗು ಮುರಿಯುವ ಗಂಡಸರಿಗೂ ಇದೇ ಮದ್ದು.

ಮನೆಯಲ್ಲಿ ಹುರುಳಿ, ಅವರೆ ಬೆರೆಸಿ ಕೂರಿಸಬಹುದು. ಒಂದು ಸಲಕ್ಕೆ ಒಂದೇ ಕೆಲಸ, ಟಿ.ವಿ. ಬಂದ್, ಗೋಡೆಯ ಕ್ಯಾಲೆಂಡರಿನಲ್ಲಿ ದಿನದ ಕೆಲಸ. ಮರೆವನ್ನು ಬೈದು ತಿದ್ದಲಾಗದು, ಬರೆದಿಟ್ಟು ದಾಟಬಹುದು.

ಕಾಗದಪತ್ರ

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಹೆಸರಿಸುತ್ತದೆ. ತಲೆಪೆಟ್ಟಿನ ಮರೆವು ಅದರಲ್ಲಿ ಪ್ರತ್ಯೇಕವಾಗಿ ಇಲ್ಲ. ಅಪಘಾತ ಪರಿಹಾರದ ನ್ಯಾಯಮಂಡಳಿಯ ಮುಂದೆ ಮುರಿದ ಕಾಲು ತಾನೇ ಸಾಕ್ಷಿ ಹೇಳುತ್ತದೆ, ಕುಂದಿದ ನೆನಪು ಹೇಳದು. ಆದ್ದರಿಂದ ಡಿಸ್ಚಾರ್ಜ್ ಚೀಟಿ, ಸ್ಕ್ಯಾನ್ ಜೋಪಾನವಾಗಿಡಿ. ನೆನಪು, ಗಮನದ ಪರೀಕ್ಷೆ ಮಾಡಿಸಿ ಅದರ ವರದಿಯನ್ನೂ ಬರೆಸಿಕೊಳ್ಳಿ.